ಸರಿಸಿದ ಗೂಟ

ಬೇಸಿಗೆ ಮುಗಿಯುತ್ತಾ ಬಂದಿತ್ತು. ಬಿಸಿಲು ಇನ್ನೂ ಚುರುಕಾಗದ ಬೆಳಗಿನ ಹೊತ್ತು. ಹೆದ್ದಾರಿ ಅಗಲ ಮಾಡುವ ಮೊದಲು ನೆಲದಡಿ ಹಳೇ ಕಾಲದ್ದೇನಾದರೂ ಇದೆಯೋ ಎಂದು ನೋಡಲು ಬಂದವರು ರಸ್ತೆ ಪಕ್ಕದಲ್ಲಿ ಅಲ್ಲಲ್ಲಿ ಚೌಕ ಗುಂಡಿ ತೆಗೆಸುತ್ತಿದ್ದರು. ಜರಡಿ ಹಿಡಿಯುವ ಕೂಲಿಗೆ ಸೇರಿದ್ದವಳ ಕೈ ಅಂದು ನಡುಗಿ, ಮಣ್ಣೆಲ್ಲ ಕಾಲ ಮೇಲೆ ಸುರಿಯಿತು.

"ಏನೇ, ಚಳಿನಾ?" ಎಂದಳು ಜೊತೆಯವಳು. ಬಾಯಿಗೆ ಬೀಗವಿಲ್ಲದ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. "ಬೇಸ್ಗೇಲಿ ನಡುಕ ಬಂದ್ರೆ ಒಂದೋ ಜ್ವರ, ಇಲ್ಲ ಅತ್ತೆ ಬಂದಿರ್ಬೇಕು."

ಮಣ್ಣು ಚೆಲ್ಲಿದವಳು ನಗಲಿಲ್ಲ. ಮುಂದಿನ ಗುಂಡಿಗೆಂದು ಅಗೆತದ ಉಸ್ತುವಾರಿಯ ಮೇಡಂ ಗೂಟ ಹೊಡೆಸುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು. ಎಂದೋ ಬಿದ್ದುಹೋದ ಅವಳ ಹಳೇ ಮನೆಯ ಹಿತ್ತಿಲು ಅದು. ದಿನ ತುಂಬುವ ಮುಂಚೆ ಹುಟ್ಟಿ, ಒಮ್ಮೆಯೂ ಅಳದೆ ಹೋದ ಕೂಸನ್ನು ಗಂಡ ಅವಳ ಹಳೇ ಸೀರೆಯಲ್ಲಿ ಸುತ್ತಿ ಹೂತದ್ದು ಅಲ್ಲೇ. ಸೂಲಗಿತ್ತಿಯ ಹೊರತು ಯಾರ ಕಿವಿಗೂ ಹಾಕಿರಲಿಲ್ಲ.

"ಮೇಡಂ, ಮೂಳೆಗೀಳೆ ಸಿಕ್ಕಿದ್ರೆ?" ರೇಡಿಯೋ ಕೇಳಿದಳು.

"ಹಳೇದಾದ್ರೆ ನಮಗೆ, ಹೊಸದಾದ್ರೆ ಪೊಲೀಸ್ನೋರಿಗೆ," ಎಂದು ಮೇಡಂ ನಕ್ಕರು. "ಒಂದ್ಸಲ ಅಗೆದ ಮಣ್ಣು ಎಷ್ಟೇ ಮುಚ್ಚಿದ್ರೂ ಬಣ್ಣದಲ್ಲೇ ಗೊತ್ತಾಗುತ್ತೆ ಕಣಕ್ಕ."

ಮನೆಗೆ ಬಂದು ಹೇಳಿದಾಗ ಗಂಡನ ಮುಖ ಬಿಳಚಿಕೊಂಡಿತು. "ಸತ್ತೇ ಹುಟ್ಟಿತ್ತು ಅನ್ನೋಕೆ ಸಾಕ್ಷಿ ಯಾರೇ? ಸೂಲಗಿತ್ತೀನೂ ತೀರ್ಕೊಂಡ್ಬಿಟ್ಳು. ನಾವೇ ಕತ್ತು ಹಿಸುಕಿದ್ವಿ ಅಂತಾರೆ."

"ರೀ, ಮೆಲ್ಲಗೆ."

ಮುಸ್ಸಂಜೆ ಸೌದೆ ಆಯುವವಳ ಹಾಗೆ ಹೋಗಿ, ನಾಲ್ಕೂ ಗೂಟ ಕಿತ್ತು, ರಸ್ತೆಯ ಕಡೆಗೆ ಸರಿಸಿ ನೆಟ್ಟು, ದಾರ ಬಿಗಿದಳು. ಹಳೇ ತೂತುಗಳನ್ನು ಹಿಮ್ಮಡಿಯಲ್ಲಿ ತುಳಿದು ಮುಚ್ಚಿದಳು.

ಮರುದಿನ ಮೇಡಂ ಗೂಟದ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. "ಇದು ಒಳಗಡೆ ಇತ್ತಲ್ವಾ?"

ಅವಳು ಬಗ್ಗಿ ಜರಡಿ ಕೊಡವತೊಡಗಿದಳು.

"ದನ ಎಡವಿರ್ಬೇಕು ಬಿಡಿ," ಎಂದಳು ರೇಡಿಯೋ.

"ದನ ದಾರ ಕಟ್ಟುತ್ತಾ?" ಎಂದರು ಮೇಡಂ. ಆದರೆ ಬಿಸಿಲೇರುತ್ತಿತ್ತು, ಕೆಲಸ ಮುಗಿಸುವ ಆತುರವಿತ್ತು, ಅಲ್ಲೇ ಅಗೆಸಿದರು. ಬರೀ ಜಲ್ಲಿ, ಹೆಂಚಿನ ಚೂರು.

"ಇಲ್ಲಿ ಏನೂ ಇಲ್ಲ," ಎಂದು ಮೇಡಂ ಕೈ ಒರೆಸಿಕೊಂಡರು. "ಇದ್ದಿದ್ರೆ ಬ್ರಷ್‌ನಲ್ಲಿ ಮಣ್ಣು ಬಿಡಿಸಿ, ಅಂಗೈಯಲ್ಲಿ ಎತ್ತಿಡ್ತಿದ್ವಿ. ಇನ್ನು ಜೆಸಿಬಿಯೋರ ಪಾಡು. ಈ ಹಿತ್ತಲೆಲ್ಲ ಎದೆಮಟ್ಟ ಬಗೆದು ಲಾರಿಗೆ ತುಂಬ್ತಾರೆ."

"ಮಣ್ಣು ಎಲ್ಲಿಗೆ ಹೋಗುತ್ತೆ ಮೇಡಂ?"

"ಯಾವುದೋ ಹಳ್ಳಕ್ಕೆ. ಯಾಕಕ್ಕ?"

ಬಾಯಿ ತೆರೆದಳು. ಪೊಲೀಸರ ಮಾತು ನೆನಪಾಯಿತು. "ಏನಿಲ್ಲ, ಸುಮ್ನೆ ಕೇಳ್ದೆ."

ಬುಧವಾರ ಮೇಡಂ ಜರಡಿ, ಗುದ್ದಲಿ, ಡೇರೆ ಎಲ್ಲ ಜೀಪಿಗೆ ಹೇರಿಸಿ ಹೊರಟರು.

ಮಾರನೇ ಬೆಳಗ್ಗೆ ಜೆಸಿಬಿ ಬಂದಾಗ ಅವಳು ಹಿತ್ತಿಲಿನ ನೆಲಕ್ಕೆ ಎರಡೂ ಅಂಗೈ ಊರಿ ಕುಳಿತಿದ್ದಳು. "ಏಳಮ್ಮ, ಬೇರೆ ಜಾಗ ಸಿಗ್ಲಿಲ್ವಾ ಕೂರೋಕೆ?" ಡ್ರೈವರ್ ಕೂಗಿದ. ಅವಳು ತಲೆ ಎತ್ತಲಿಲ್ಲ. ಹಾರ್ನ್ ಮೇಲೆ ಹಾರ್ನ್ ಹೊಡೆದ. ಜನ ಸೇರತೊಡಗಿದರು. ರಸ್ತೆಯಾಚೆ ನಿಂತಿದ್ದ ಗಂಡ ಎರಡು ಹೆಜ್ಜೆ ಇತ್ತ ಇಟ್ಟ, ನಿಂತ, ಸುತ್ತ ನೋಡಿದ. ಆಮೇಲೆ ಬುತ್ತಿಚೀಲ ಹೆಗಲಿಗೇರಿಸಿಕೊಂಡು, ಯಾರೋ ದಾರಿಹೋಕನ ಹಾಗೆ ಹೊರಟುಹೋದ.