ಪಾದ್ರಿಯ ಬಲಗಾಲು

ಜಪಾನಿನವರ ಬಾಂಬಿಗೆ ರಂಗೂನು ಉರಿಯುತ್ತಿದ್ದ ದಿನಗಳಲ್ಲಿ, ೧೯೪೨ರ ಜನವರಿಯಲ್ಲಿ, ಹುಣಸೂರಿನಿಂದ ಇಬ್ಬರು ಅಲ್ಲಿಗೆ ಹೊರಟರು. ಒಬ್ಬಳು ಮಿಷನ್ ದವಾಖಾನೆಯ ನರ್ಸ್ ಪ್ರೇಮಮ್ಮ, ನಲವತ್ತು ದಾಟಿದ ವಿಧವೆ. ಇನ್ನೊಬ್ಬ ಪಿರಿಯಾಪಟ್ಟಣದಿಂದ ಬಂದು ಹುಣಸೂರಿನಲ್ಲೇ ನೆಲೆಸಿದ್ದ ಬಡಗಿ ಲಿಂಗಯ್ಯ. ಚರ್ಚಿನ ಸೂರು ಹಾರಿಹೋಗಿದೆ, ಗಾಯಾಳುಗಳನ್ನು ನೋಡುವವರಿಲ್ಲ ಎಂದು ಅಲ್ಲಿನ ಸಣ್ಣ ಕ್ರೈಸ್ತ ಸಭೆಯ ಪಾದ್ರಿ, ಬರ್ಮಾದವರೇ ಆದ ಸಾ ಪೋ, ಮಿಷನ್ನಿಗೆ ಪತ್ರ ಬರೆದಿದ್ದರು. ಓಡಿಬರುವ ಜನರನ್ನು ಕರೆತರಲು ಮದರಾಸಿನಿಂದ ಖಾಲಿ ಹೋಗುತ್ತಿದ್ದ ಹಡಗಿನಲ್ಲಿ ಇವರಿಗೆ ಸುಲಭವಾಗಿ ಜಾಗ ಸಿಕ್ಕಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಲಿಂಗಯ್ಯ ಸೂರಿನ ಮೇಲೆ ತಗಡು ಹೊಡೆಯುತ್ತಿದ್ದ. ಅಂಗಳದಲ್ಲಿ ಜನ ಗಂಜಿಗೆ ಸಾಲು ನಿಂತಿದ್ದರು. ವಿಮಾನಗಳ ಸದ್ದು ಕೇಳಿ ಅವನು ಕೂಗುವಷ್ಟರಲ್ಲಿ ಬಾಂಬು ಬಿತ್ತು. ಅವನು ಹಾರಿ ನೆಲಕ್ಕೆ ಬಿದ್ದ. ಎದ್ದಾಗ ಸಾಲು ಇರಲಿಲ್ಲ. ಗಂಜಿಯಲ್ಲಿ ರಕ್ತ ಬೆರೆತು ಹರಿಯುತ್ತಿತ್ತು. ಒಬ್ಬ ಹೆಂಗಸು ತಲೆಯಿಲ್ಲದೆ ಕೂತೇ ಇದ್ದಳು. ಪಾದ್ರಿಯ ಬಲಗಾಲು ಮೊಣಕಾಲಿನ ಕೆಳಗೆ ನುಚ್ಚಾಗಿತ್ತು.

ಊರಿನ ಆಸ್ಪತ್ರೆ ಸುಟ್ಟಿತ್ತು, ಡಾಕ್ಟರರೆಲ್ಲ ಓಡಿಹೋಗಿದ್ದರು. ಪ್ರೇಮಮ್ಮ ತೊಡೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಲಿಂಗಯ್ಯನ ಸಣ್ಣ ಗರಗಸವನ್ನು ನೀರಿನಲ್ಲಿ ಕುದಿಸಿದಳು.

"ಮಾಂಸ ನಾನು ಕುಯ್ತೀನಿ. ಮೂಳೆ ನೀನು."

"ಅಕ್ಕಾ, ಇದು ಮರ ಅಲ್ಲ ಕಣಕ್ಕಾ."

"ಮರ ಅಂದ್ಕೊಂಡೇ ಕುಯ್ಯಿ. ಇಲ್ದಿದ್ರೆ ಸಾಯ್ತಾರೆ."

ನಾಲ್ವರು ಪಾದ್ರಿಯನ್ನು ಅದುಮಿ ಹಿಡಿದರು. ನೋವು ತಿಳಿಯದಂತೆ ಮಾಡಲು ಯಾವ ಮದ್ದೂ ಉಳಿದಿರಲಿಲ್ಲ. ಮೂರನೆಯ ಎಳೆತಕ್ಕೇ ಪಾದ್ರಿ ಪ್ರಜ್ಞೆ ತಪ್ಪಿದರು, ಕಿರುಚಾಟ ನಿಂತುಹೋಯಿತು. ಲಿಂಗಯ್ಯ ಕಣ್ಣು ಮುಚ್ಚದೆ, ನೇರವಾಗಿ ಕುಯ್ದ. ಆಮೇಲೆ ಗರಗಸವನ್ನು ತೊಳೆದು ಒರೆಸಿಟ್ಟ.

ಐದು ದಿನಕ್ಕೆ ಊರು ಬಿಡಲು ಅಪ್ಪಣೆಯಾಯಿತು. ಬೆಂಚಿನ ಮೇಲೆ ಪಾದ್ರಿಯನ್ನು ಮಲಗಿಸಿ ಬಂದರಿಗೆ ಹೊತ್ತುಕೊಂಡು ಹೋದರು. ಹಡಗಿನ ಏಣಿಯ ಬಳಿ ಸಿಪಾಯಿ ಪಾದ್ರಿಯನ್ನು ತಡೆದ. ಹಡಗು ಇಂಡಿಯಾದವರಿಗೆ ಮಾತ್ರ ಎಂದ. ಲಿಂಗಯ್ಯ ಅವನ ಕೊರಳಪಟ್ಟಿಗೆ ಕೈಹಾಕಿದ. ಬಂದೂಕಿನ ಹಿಡಿ ದವಡೆಗೆ ಅಪ್ಪಳಿಸಿತು. ಎರಡು ಹಲ್ಲು ಅಂಗೈಗೆ ಬಿದ್ದವು.

ಪ್ರೇಮಮ್ಮ ಅವನ ಗಂಟನ್ನು ಹಡಗಿನೊಳಕ್ಕೆ ಎಸೆದಳು. "ನೀನ್ ಓಗು. ಗಾಯ ಮಾಯೋ ತಂಕ ನಾನು ಇವ್ರನ್ನ ಬುಟ್ಟು ಬರಾಕಾಗಲ್ಲ."

"ನಾನೂ ಇಲ್ಲೇ ಇರ್ತೀನಿ."

"ನಿನ್ನ ಮೂರು ಮಕ್ಕಳಿಗೆ ಯಾರವ್ರೆ? ಓಗು ಲಿಂಗಯ್ಯ!"

ಸಿಪಾಯಿಗಳು ಅವನನ್ನು ನೂಕಿಕೊಂಡೇ ಹತ್ತಿಸಿದರು.

ಹುಣಸೂರಿನಲ್ಲಿ ಪ್ರೇಮಮ್ಮನ ತಾಯಿ ರಾಚಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಬಂದು ನಿಂತ ಲಿಂಗಯ್ಯನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಎದ್ದಳು.

"ಬುಟ್ಬುಟ್ಟು ಬಂದ್ಯೇನ್ಲಾ?"

ಊದಿದ ದವಡೆಯ ಮೇಲೆಯೇ ಹೊಡೆದಳು. ಮತ್ತೆ ಹೊಡೆದಳು. ಲಿಂಗಯ್ಯ ಕೈ ಎತ್ತಲಿಲ್ಲ. ಬಾಯಿಂದ ರಕ್ತ ಬಂದಾಗ ಅವಳೇ ಸೆರಗಿನಿಂದ ಒರೆಸಿ, ಅವನ ಎದೆಗೆ ತಲೆಯಿಟ್ಟು ಅತ್ತಳು. ಅಂದಿನಿಂದ ಅವಳ ಮನೆಗೆ ಸೌದೆ ಒಡೆದುಹಾಕುವುದು ಅವನ ಕೆಲಸವಾಯಿತು.

ನಾಲ್ಕು ವರ್ಷ ಸುದ್ದಿಯಿರಲಿಲ್ಲ. ಯುದ್ಧ ಮುಗಿದ ಮೇಲೆ ಸಾ ಪೋ ಪಾದ್ರಿಯಿಂದಲೇ ಇಂಗ್ಲಿಷಿನಲ್ಲಿ ಪತ್ರ ಬಂತು. ಮಿಷನ್ ಚರ್ಚಿನ ಉಪದೇಶಿ ಅದನ್ನು ಓದಿ ರಾಚಮ್ಮನಿಗೂ ಲಿಂಗಯ್ಯನಿಗೂ ಕನ್ನಡದಲ್ಲಿ ಹೇಳಿದರು. ನದಿಯಾಚೆಯ ಹಳ್ಳಿಯಲ್ಲಿ ಪ್ರೇಮಮ್ಮ ಒಂದು ವರ್ಷ ಗಾಯಾಳುಗಳ ಸೇವೆ ಮಾಡಿದ್ದಳು. ಒಂದು ದಿನ ಮಚ್ಚು ಹಿಡಿದ ದರೋಡೆಕೋರರು ನುಗ್ಗಿದರು. ಓಡಲಾರದ ಪಾದ್ರಿಯನ್ನು ಒಳಗಿಟ್ಟು ಅವಳು ಬಾಗಿಲಿಗೆ ಅಡ್ಡ ನಿಂತಳು. ಜನ ಸೇರುವಷ್ಟರಲ್ಲಿ ಅವಳನ್ನು ಕಡಿದು ಓಡಿದರು.

ಮುಂದಿನ ಸಾಲಿಗೆ ಬಂದ ಉಪದೇಶಿ ತಡವರಿಸಿ, ಅದನ್ನು ಓದದೆ ಕಾಗದ ಮಡಿಸಿದರು.

"ನರಳಿದ್ಳಂತಾ?" ರಾಚಮ್ಮ ಕೇಳಿದಳು.

ಉಪದೇಶಿ ತಲೆ ತಗ್ಗಿಸಿದರು. ಲಿಂಗಯ್ಯನಿಗೆ ಇಂಗ್ಲಿಷು ಬಾರದು. ಅವರ ಮುಖ ಮಾತ್ರ ಕಂಡಿದ್ದ.

"ಇಲ್ಲ ಕಣವ್ವ," ಎಂದ ಅವನು. "ಆಗಿಂದಾಗ್ಲೇ ಓಗ್ಬುಟ್ಳಂತೆ."