ಎಡಗಿವಿ ಮುಚ್ಚಿದ ದಿನ

ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಒಂದು ದಿನವೂ ಸಿಕ್ ಲೀವ್ ಹಾಕದ ಆ ಕ್ಯಾಪ್ಟನ್‌ಗೆ ಪೈಲಟ್‌ಗಳ ಸಂಘದಲ್ಲಿ ಗಡಿಯಾರ ಎಂಬ ಅಡ್ಡಹೆಸರಿತ್ತು. ಮೆಚ್ಚಿ ಹಾಗೆ ಕರೆಯುವವರಿದ್ದರು, ಮೂಗು ಮುರಿದು ಕರೆಯುವವರೂ ಇದ್ದರು. ಅವನು ಮಾತ್ರ ಎಲ್ಲವನ್ನೂ ಮೆಚ್ಚುಗೆಯ ಲೆಕ್ಕಕ್ಕೇ ಹಾಕಿಕೊಂಡಿದ್ದ.

ಆ ಗುರುವಾರ ಬೆಳಿಗ್ಗೆ ಅವನಿಗೆ ನೆಗಡಿಯಾಗಿತ್ತು. ಮೂಗಿನ ಎರಡೂ ಹೊಳ್ಳೆ ಕಟ್ಟಿ, ಹಣೆ ಕಲ್ಲಿನಂತೆ ಭಾರವಾಗಿತ್ತು. ಹೆಂಡತಿಗೆ ಕೇಳಿಸಬಾರದೆಂದು ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಸೀನಿದ. ಹೊರಗೆ ಬಂದರೆ ಅವಳು ಅವನ ಸಮವಸ್ತ್ರದ ಅಂಗಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಫೋನ್ ಮಾಡಿ ರಜೆ ಹೇಳಿ. ಮೂಗು ಕಟ್ಟಿದಾಗ ಹಾರಬಾರದು ಅಂತ ಹೊಸಬರಿಗೆ ಪಾಠ ಹೇಳೋರು ನೀವೇ ಅಲ್ವಾ?"

"ಇವತ್ತು ಆಗಲ್ಲ ಕಣೆ. ಸಾಯಂಕಾಲ ನಾಲ್ಕಕ್ಕೆ ಸಂಘದಲ್ಲಿ ಮತದಾನ. ಇವತ್ತೇ ನಾನು ಹುಷಾರಿಲ್ಲ ಅಂತ ಮಲಗಿದ್ರೆ ಜನ ಬಿದ್ದು ಬಿದ್ದು ನಗ್ತಾರೆ."

ನಗುವುದಕ್ಕೆ ಕಾರಣವಿತ್ತು. ಕಂಪನಿಯ ಜೊತೆಗಿನ ಹೊಸ ಒಪ್ಪಂದದ ಕರಡಿನಲ್ಲಿ ಒಂದು ಷರತ್ತು ಸೇರಿತ್ತು: ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ಹುಷಾರಿಲ್ಲವೆಂದು ಹೇಳುವ ಪೈಲಟ್, ಅದೇ ದಿನ ಕಂಪನಿಯ ಡಾಕ್ಟರ ಮುಂದೆ ಹೋಗಿ ಚೀಟಿ ತರಬೇಕು. ಈ ಒಂದು ಸಾಲಿಗಾಗಿ ಸಂಘ ಎರಡು ಹೋಳಾಗಿತ್ತು. ಷರತ್ತು ಬೇಕು ಎನ್ನುವವರ ಮುಂದಾಳು ಗಡಿಯಾರನೇ. ಅವನ ಸಿಟ್ಟೂ ಸುಳ್ಳಿನದಾಗಿರಲಿಲ್ಲ. ಮಗಳು ಪದವಿ ಪಡೆಯುವ ದಿನ ಯಾರೋ ಹೊಟ್ಟೆನೋವೆಂದು ಹೇಳಿದ್ದರಿಂದ ಇವನು ಸಮಾರಂಭ ಬಿಟ್ಟು ವಿಮಾನ ಹತ್ತಿದ್ದ. ಮರುದಿನ ನೋಡಿದರೆ ಆ ಹೊಟ್ಟೆನೋವಿನ ಮಹಾಶಯ ಸಮುದ್ರದ ದಡದಲ್ಲಿ ಹಲ್ಲು ಕಿರಿಯುತ್ತಿದ್ದ ಫೋಟೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಕಳೆದ ಸಭೆಯಲ್ಲಿ ಅದನ್ನು ನೆನೆದೇ ಇವನು, "ನಮ್ಮಲ್ಲಿ ಕೆಲವರಿಗೆ ಶನಿವಾರ ನೋಡ್ಕೊಂಡೇ ಜ್ವರ ಬರುತ್ತೆ," ಎಂದಿದ್ದ. ಸಭೆ ಗೊಳ್ಳೆಂದಿತ್ತು. ಆ ವರ್ಷ ನಾಲ್ಕು ಸಲ ರಜೆ ಹಾಕಿದ್ದ ಒಬ್ಬ ಸಹಪೈಲಟ್ ಹೆಂಗಸಿನ ಕಡೆ ಎಷ್ಟೋ ತಲೆಗಳು ತಿರುಗಿದ್ದವು.

ಗುರುವಾರ ಅವನ ಪಕ್ಕದ ಸೀಟಿಗೆ ಬಂದವಳು ಅವಳೇ.

ಹೋಗುವಾಗ ಅವಳು ನಡೆಸಿದಳು. ಮಾತು ಕೆಲಸದ ಮಟ್ಟಿಗೆ ಮಾತ್ರ. ಅವನು ಎರಡು ಸಲ ಮುಖ ಆಚೆ ತಿರುಗಿಸಿ ಮೂಗಿಗೆ ಹನಿ ಬಿಟ್ಟುಕೊಂಡಾಗ, "ನೆಗಡಿನಾ ಸರ್?" ಎಂದಳು.

"ಇಲ್ಲ, ಧೂಳು."

ಅವಳು ಮತ್ತೆ ಕೇಳಲಿಲ್ಲ.

ಹಿಂದಿರುಗುವಾಗ ನಡೆಸುವ ಸರದಿ ಅವನದು. ಇಳಿಯಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಎಡಗಿವಿ ಮುಚ್ಚಿತು. ಮೂಗು ಹಿಡಿದು ಊದಿದ, ಕಿವಿ ಬಿಡಲಿಲ್ಲ. ಹನ್ನೆರಡು ಸಾವಿರ ಅಡಿಯ ಹೊತ್ತಿಗೆ ಯಾರೋ ಕಾದ ಸೂಜಿಯನ್ನು ಕಿವಿಯೊಳಗೆ ನಿಧಾನವಾಗಿ ತಿರುಗಿಸುತ್ತಿರುವಂತೆ ನೋವು. ಆರು ಸಾವಿರ ಅಡಿಗೆ ಇಳಿಯಿರಿ ಎಂಬ ಅಪ್ಪಣೆ ಮೊದಲೇ ಸಿಕ್ಕಿತ್ತು. ಅಷ್ಟರಲ್ಲಿ ಕೆಳಗೆ ಇನ್ನೊಂದು ವಿಮಾನ ಅಡ್ಡ ಬರುವುದಿದ್ದುದರಿಂದ, ಎಂಟು ಸಾವಿರದಲ್ಲೇ ನಿಲ್ಲಿ ಎಂದು ನೆಲದಿಂದ ಹೊಸ ಅಪ್ಪಣೆ ಬಂತು. ಅವಳು ಉತ್ತರ ಕೊಟ್ಟು, ಅವನ ಕಡೆ ತಿರುಗಿ ಹೇಳಿದಳು. ಅವನು ತಲೆಯಾಡಿಸಿದ. ಎಡಗಿವಿಯ ನೋವಿನಲ್ಲಿ ಬಲಗಿವಿಗೂ ಅವನಿಗೆ ಏನೂ ಕೇಳಿಸಿರಲಿಲ್ಲ.

"ಎಂಟು ಸಾವಿರ ಸರ್. ಎಂಟು!"

ಎತ್ತರ ತೋರಿಸುವ ಮುಳ್ಳು ಎಂಟನ್ನು ದಾಟಿ ಕೆಳಗಿಳಿಯಿತು.

"ಕಂಟ್ರೋಲ್ ನಂದು," ಎಂದು ಅವಳು ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡಳು. ನಾನೂರು ಅಡಿ ಕೆಳಗೆ ಜಾರಿದ್ದ ವಿಮಾನ ತಡೆದು ನಿಂತು ಮತ್ತೆ ಮೇಲಕ್ಕೇರಿತು. ಅಡ್ಡ ಬರಲಿದ್ದ ವಿಮಾನ ಇನ್ನೂ ದೂರದಲ್ಲಿತ್ತು. ಹಿಂದೆ ಕುಳಿತ ನೂರಾ ಅರವತ್ತು ಜನರಲ್ಲಿ ಒಬ್ಬರಿಗೂ ಏನೂ ಗೊತ್ತಾಗಲಿಲ್ಲ. ಅವಳೇ ಇಳಿಸಿದಳು. ಅವನು ಎಡಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು ಕುಳಿತಿದ್ದ.

ಪ್ರಯಾಣಿಕರೆಲ್ಲ ಇಳಿದ ಮೇಲೆ ಅವಳು ಅವನ ಬಲಗಡೆ ಬಂದು ನಿಂತಳು. "ವರದಿ ಬರೀಬೇಕು."

"ಬರೀತೀನಿ. ಅಪ್ಪಣೆ ಸರಿಯಾಗಿ ಕೇಳಿಸಲಿಲ್ಲ ಅಂತ..."

"ಯಾಕೆ ಕೇಳಿಸಲಿಲ್ಲ ಅಂತಾನೂ ಬರೀತೀರಾ?"

ಅವಳು ಚೀಲ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. "ನನ್ನ ನಾಲ್ಕು ಶನಿವಾರದ ಕಥೆ ಕೇಳಿ ಸರ್. ಅಪ್ಪ ಹೋದ ಮೇಲೆ ಎರಡು ತಿಂಗಳು ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಉರೀತಾ ಇದ್ದ ದಿನ ಹಾರಲ್ಲ ಅಂದೆ. ಅದಕ್ಕೆ ಕಂಪನಿ ಡಾಕ್ಟರ ಹತ್ರ ಚೀಟಿ ತಂದ್ರೆ, ಇವಳ ತಲೆ ನೆಟ್ಟಗಿಲ್ಲ ಅಂತ ಫೈಲಲ್ಲಿ ಕೂತುಬಿಡುತ್ತೆ. ಆಮೇಲೆ ಆ ಫೈಲನ್ನ ಯಾರು ತೊಳೀತಾರೆ?"

ಮನೆಗೆ ಹೋಗಿ ಮಲಗಬೇಕಿತ್ತು. ಅವನಿಂದಾಗಲಿಲ್ಲ. ಸಿಬ್ಬಂದಿ ಕೋಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದ. ವರದಿಯ ಹಾಳೆ ಎರಡು ಸಲ ಹರಿದು ಮೂರನೆಯದನ್ನು ತುಂಬಿದ: ನೆಗಡಿ, ಮೂಗಿನ ಹನಿ, ಅವಳು ಕೇಳಿದ್ದು, ತಾನು ಧೂಳೆಂದದ್ದು. ಕೊಟ್ಟು ಹೊರಬಂದರೂ ಎದೆ ಹಗುರಾಗಲಿಲ್ಲ. ಚಹಾ ತರಿಸಿಕೊಂಡು ಕುಡಿಯದೆ ಎದ್ದ. ಸಭೆಯ ಹಾಲ್ ತೆರೆಯುವ ಮೊದಲೇ ಅದರ ಮೆಟ್ಟಿಲು ಮೂರು ಸಲ ಹತ್ತಿಳಿದ.

ನಾಲ್ಕಕ್ಕೆ ಅಧ್ಯಕ್ಷರು ಮೊದಲು ಅವನನ್ನೇ ಕರೆದರು. ಷರತ್ತಿನ ಪರ ಅವನ ಭಾಷಣ ಜೇಬಿನಲ್ಲಿತ್ತು. ಅವನು ಅದನ್ನು ತೆಗೆಯಲಿಲ್ಲ.

"ಇವತ್ತು ನನಗೆ ಹುಷಾರಿರಲಿಲ್ಲ. ಆದ್ರೂ ಹಾರಿದೆ. ಇಳಿಯೋವಾಗ ಕಿವಿ ಮುಚ್ಚಿ, ಎಂಟು ಸಾವಿರದಲ್ಲಿ ನಿಲ್ಲಿಸಬೇಕಾದ ವಿಮಾನಾನ ನಾನೂರು ಅಡಿ ಕೆಳಗೆ ಇಳಿಸಿದೆ. ಪಕ್ಕದಲ್ಲಿದ್ದೋರು ಕಾಪಾಡಿದ್ರು."

ಹಿಂದಿನಿಂದ ಯಾರೋ ಕಿಸಕ್ಕೆಂದರು.

"ನಗಿ. ಈ ನಗುಗೆ ಹೆದರೇ ನಾನು ಹಾರಿದ್ದು. ಷರತ್ತು ಇನ್ನೂ ಬಂದಿಲ್ಲ, ನನ್ನನ್ನ ಯಾರೂ ಚೀಟಿ ಕೇಳ್ತಿರಲಿಲ್ಲ. ನಗುಗೇ ಇಷ್ಟು ಹೆದರಿದೋನು ನಾಳೆ ಚೀಟಿಗೆ ಎಷ್ಟು ಹೆದರ್ತೀನಿ, ಯೋಚನೆ ಮಾಡಿ. ಸುಳ್ಳು ಹೇಳೋರು ಇದ್ದಾರೆ, ಇಲ್ಲ ಅನ್ನಲ್ಲ. ಅವರನ್ನ ಹಿಡಿಯೋಕೆ ಬೇರೆ ದಾರಿ ಹುಡುಕೋಣ. ಶನಿವಾರದ ಜ್ವರದ ಮಾತು ಆಡಿದೋನೂ ನಾನೇ. ತಪ್ಪಾಯ್ತು."

ಷರತ್ತು ಹತ್ತೊಂಬತ್ತು ಮತಗಳಿಂದ ಬಿದ್ದುಹೋಯಿತು. ಅಧ್ಯಕ್ಷರು ಅವನನ್ನು ಪಕ್ಕಕ್ಕೆ ಕರೆದು, "ಆರು ತಿಂಗಳ ಮಾತುಕತೆ ನೀರುಪಾಲು ಮಾಡಿದ್ರಲ್ಲ ಮಹಾರಾಯ್ರೇ. ಕಂಪನಿಯವರಿಗೆ ಈಗ ನಾನ್ಯಾವ ಮುಖ ತೋರಿಸ್ಲಿ?" ಎಂದರು. ಜೊತೆಗಿದ್ದವರು ಅವನಿಗಾಗಿ ಕಾಯದೆ ಹೊರಟುಹೋದರು. ಮರುದಿನ ಕಿವಿಯ ಡಾಕ್ಟರು ಪರದೆ ಹರಿದಿದೆಯೆಂದು ಆರು ವಾರ ವಿಮಾನ ಹತ್ತದಂತೆ ನೆಲದ ಮೇಲೆ ಕೂರಿಸಿದರು.

ನಾಲ್ಕನೆಯ ದಿನ ಸಹಪೈಲಟ್ ಫೋನ್ ಮಾಡಿದಳು. ಧನ್ಯವಾದ ಹೇಳುತ್ತಾಳೆಂದುಕೊಂಡು ಅವನು ಬಲಗಿವಿಗೆ ಹಿಡಿದ.

"ನನ್ನನ್ನ ವಿಚಾರಣೆಗೆ ಕರೆದಿದ್ದಾರೆ. ನೆಗಡಿ ಅಂತ ಅನುಮಾನ ಬಂದಿತ್ತಲ್ಲ, ಆಗಲೇ ಯಾಕೆ ತಡೀಲಿಲ್ಲ ಅಂತ. ನೀವು ನಿಜ ಬರೆದ್ರಿ, ಒಳ್ಳೇದೇ. ನನ್ನ ಹೆಸರು ಬರೆಯೋ ಮುಂಚೆ ಒಂದು ಮಾತು ಹೇಳೋಕಾಗ್ತಿರಲಿಲ್ವಾ?"

ಅದು ಅವನಿಗೆ ಹೊಳೆದೇ ಇರಲಿಲ್ಲ.

ಕರೆಯದಿದ್ದರೂ ವಿಚಾರಣೆಗೆ ಹೋದ. ಅವಳು ಒಳಗಿದ್ದಷ್ಟು ಹೊತ್ತು ಹೊರಗಿನ ಬೆಂಚಿನ ಮೇಲೆ ಕೂರುವುದು, ಏಳುವುದು, ಕಿಟಕಿಯ ತನಕ ಹೋಗಿ ಬರುವುದು. ಕೊನೆಗೆ ಬಾಗಿಲು ತಟ್ಟಿ ಒಳಗೆ ನುಗ್ಗಿ, "ಧೂಳು ಅಂತ ಸುಳ್ಳು ಹೇಳಿದ್ದು ನಾನು. ಇವರನ್ನೇನು ಕೇಳ್ತೀರಿ?" ಎಂದ. ಮೇಜಿನಾಚೆಯ ಮೂವರೂ ಅವನನ್ನು ಹತ್ತು ನಿಮಿಷ ತರಾಟೆಗೆ ತೆಗೆದುಕೊಂಡರು. ಹೊಸಬರಿಗೆ ಕಲಿಸುವ ಕೆಲಸವನ್ನು ಒಂದು ವರ್ಷ ಅವನಿಂದ ಕಿತ್ತುಕೊಂಡರು. ಅವಳದು ತಪ್ಪಿಲ್ಲವೆಂದು ಬರೆದರು.

ಹೊರಗೆ ಬಂದು ಅವಳು ಲಿಫ್ಟಿನ ಗುಂಡಿ ಒತ್ತಿದಳು. "ಇನ್ನೊಂದ್ಸಲ ನಿಮ್ಮ ಮೂಗು ಸೊರ್ ಅಂದ್ರೆ, ಏನೇ ಹೇಳಿ, ನಾನು ವಿಮಾನ ಹತ್ತೋಕೆ ಬಿಡಲ್ಲ ಸರ್."

"ಬಿಡಬೇಡಿ."

ಲಿಫ್ಟ್ ಅವಳನ್ನು ಕರೆದುಕೊಂಡು ಹೋಯಿತು. ಅವನು ಮೆಟ್ಟಿಲಿಳಿದು ರಸ್ತೆಗೆ ಬಂದ. ಇನ್ನೂ ಬೆಳಗಿನ ಹನ್ನೊಂದು ಗಂಟೆ. ಯಾವ ಕಡೆ ಹೋಗುವುದೆಂದು ತಿಳಿಯದೆ ಹೆಂಡತಿಗೆ ಫೋನ್ ಹಚ್ಚಿದ.

"ಮನೇಲಿ ಏನಾದ್ರೂ ಕೆಲಸ ಇದೆಯೇನೆ?"

"ಇದೆ. ಬಂದು ತೆಪ್ಪಗೆ ಮಲಗೋದು."

"ಅದೊಂದು ಬಿಟ್ಟು ಬೇರೆ ಹೇಳು," ಎನ್ನುತ್ತಾ ಅವನು ನಡೆಯತೊಡಗಿದ.