ಚೆಟ್ ಮರೆತ ಬೀಗ

ಕಲಿಯುವುದಕ್ಕೂ ಸಂಬಳ ಕೊಡುತ್ತಾರೆಂದು ಕೇಳಿದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ನಮ್ಮೂರ ಬಳಿಯ ಕಾರ್ಖಾನೆಯಲ್ಲಿ ದಿನವಿಡೀ ಕೋಳಿ ರೆಕ್ಕೆ ಕತ್ತರಿಸುತ್ತಿದ್ದವಳು ನಾನು. ಅಮೆರಿಕದ ಟೊಲೀಡೊ ನಗರದ ಎಲೆಕ್ಟ್ರಿಷಿಯನ್ ಯೂನಿಯನ್ನಿಗೆ ಅರ್ಜಿ ಹಾಕಿ ಅಪ್ರೆಂಟಿಸ್ ಆದೆ. ಹಗಲು ಕೆಲಸ, ವಾರಕ್ಕೆರಡು ಸಂಜೆ ಯೂನಿಯನ್ ಶಾಲೆ. ಐದು ವರ್ಷ ಮುಗಿಸಿದರೆ ಪೂರ್ಣ ಕೆಲಸಗಾರ್ತಿಯ ಕಾರ್ಡು.

ನನಗೆ ಸಿಕ್ಕ ಗುರು ಚೆಟ್ ಮಯೆವ್ಸ್ಕಿ. ಅರವತ್ತು ದಾಟಿದವನು, ದಪ್ಪ ಮೀಸೆ. ಬೆಳಿಗ್ಗೆ ಆರೂವರೆಗೆ ತನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಕಾಫಿ ಸುರಿಯುತ್ತಿದ್ದ. ಆ ಕಹಿ ಕಾಫಿಯ ರುಚಿ ಇಂದಿಗೂ ಬೇರೆಲ್ಲೂ ಸಿಕ್ಕಿಲ್ಲ.

ಎರಡನೇ ವರ್ಷದಲ್ಲಿ ಫೋರ್‌ಮನ್ ಕೆಲ್ಸೊಗೆ ಬೈದೆನೆಂದು ಅಪ್ರೆಂಟಿಸ್‌ಗಳ ಮೇಲ್ವಿಚಾರಣೆ ಸಮಿತಿಯಿಂದ ಎಚ್ಚರಿಕೆ ಪತ್ರ ಬಂತು. ಇನ್ನೊಂದು ಸಲ ದೂರು ಬಂದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಬರೆದಿದ್ದರು. ಅಂದರೆ ಮತ್ತೆ ಕೋಳಿ.

ಆಗ ಒಂದು ಗಾಜಿನ ಕಾರ್ಖಾನೆಯಲ್ಲಿ ಕೆಲಸ. ತಂತಿಗೆ ಕೈ ಹಾಕುವ ಮೊದಲು ಸ್ವಿಚ್ ಇಳಿಸಿ, ಯಾರೂ ಮತ್ತೆ ಕರೆಂಟು ಹಾಯಿಸದಂತೆ ಅದಕ್ಕೆ ನಮ್ಮ ನಮ್ಮ ಬೀಗ ಹಾಕಬೇಕು. ಇಬ್ಬರಿದ್ದರೆ ಎರಡು ಬೀಗ. ಹಾಕಿದವನೇ ತೆಗೆಯಬೇಕು, ದೇವರೇ ಬಂದರೂ ಬೇರೆಯವರು ಮುಟ್ಟುವಂತಿಲ್ಲ. ಅವತ್ತು ನನ್ನ ಕೆಲಸ ಮುಗಿಸಿ ನನ್ನ ಬೀಗ ತೆಗೆದೆ. ಚೆಟ್‌ನದು ಇನ್ನೂ ನೇತಾಡುತ್ತಿತ್ತು. ಕೆಲ್ಸೊ ಬೀಗ ತುಂಡರಿಸುವ ದೊಡ್ಡ ಕತ್ತರಿ ಹಿಡಿದು ಬಂದ.

"ಸರಿ ಆಕಡೆ. ಒಳಗೆ ಮೆಷಿನ್ ನಿಂತು ಮಾಲೀಕ ಕೂಗಾಡ್ತಿದಾನೆ."

"ಚೆಟ್ ಬೀಗ ಇದೆ."

"ಅವನು ಗೇಟು ದಾಟಿ ಹೋಗಿದ್ದನ್ನ ನಾನೇ ನೋಡ್ದೆ ಕಣಮ್ಮಾ."

"ನೀನು ನೋಡಿದ್ದು ನಿನಗಾಯ್ತು. ನಾನು ನೋಡಿಲ್ಲ."

"ಎರಡು ವರ್ಷ ಆಗಿಲ್ಲ, ನನಗೇ ಪಾಠ ಹೇಳ್ತೀಯಾ?"

ನಾನು ಸ್ವಿಚ್ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತೆ. "ಬೀಗ ಮುಟ್ಟಿ ನೋಡು, ಆ ಕತ್ತರೀನ ನಿನ್ನ ಗಂಟಲಿಗೆ ತುರುಕ್ತೀನಿ, ಬೋಳಿಮಗನೇ!"

ಇಪ್ಪತ್ತು ನಿಮಿಷ ಹಾಗೇ ನಿಂತಿದ್ದೆ. ಆಮೇಲೆ ಚೆಟ್ ಗೇಟಿನ ಕಡೆಯಿಂದ ನಡೆದು ಬಂದ, ಮೀಸೆಯಲ್ಲಿ ಚೆರ್ರಿ ಪೈ ತಿಂಡಿಯ ಪುಡಿ. ಬೀಗ ನೋಡಿದ. ಅವನ ಮುಖದಲ್ಲಿ ರಕ್ತವೇ ಇಳಿದುಹೋಯಿತು. ಕೆಲ್ಸೊ ನಕ್ಕು ನನ್ನ ಮೇಲೆ ದೂರು ಬರೆಯಲು ಹೋದ.

ಮುಂದಿನ ಗುರುವಾರ ಸಂಜೆ ಸಮಿತಿ ಸೇರಿತು. ಹೋಗುವಾಗ ಚೆಟ್‌ನ ಗಾಡಿಯಲ್ಲಿ ಹೇಳಿದೆ: "ನೀನು ಗೇಟು ದಾಟಿದ್ದನ್ನ ನೋಡಿದ್ದು ಕೆಲ್ಸೊ ಒಬ್ನೇ. ಒಳಗೆ ಏಣಿ ಮೇಲಿದ್ದೆ ಅಂದ್ಬಿಡು. ನಾನು ಉಳ್ಕೊಳ್ತೀನಿ."

ಅವನು ಗೇರ್ ಬದಲಿಸಿದ. ಮದುವೆಗೆ ಹೊರಟವನಂತೆ ಟೈ ಕಟ್ಟಿದ್ದ.

ಮೇಜಿನಾಚೆ ಮೂವರು ಗುತ್ತಿಗೆದಾರರು, ಮೂವರು ಯೂನಿಯನ್ನಿನವರು. ಚೆಟ್ ಎದ್ದು ನಿಂತ.

"ಒಳಗೆ ಯಾರೂ ಇರ್ಲಿಲ್ಲ. ನಾನು ಎದುರಿನ ಹೋಟ್ಲಲ್ಲಿ ಪೈ ತಿಂತಿದ್ದೆ. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಬೀಗ ಮರೆತೆ. ಪತ್ರ ಕೊಡೋದಾದ್ರೆ ನನಗೆ ಕೊಡಿ."

ಯೂನಿಯನ್ನಿನವನೊಬ್ಬ ಅದನ್ನು ಬರೆದುಕೊಂಡ.

"ಆದ್ರೆ ನಾನು ಹೊರಗಿರೋದು ಈ ರೊವೀನಾಗೆ ಗೊತ್ತಿರ್ಲಿಲ್ಲ," ಚೆಟ್ ನನ್ನ ಕಡೆ ಕೈ ತೋರಿಸಿ ಅಂದ. "ಗೊತ್ತಿಲ್ದೇನೇ ನಿಂತ್ಲು. ನಾಳೆ ನಾನು ನಿಜವಾಗ್ಲೂ ಏಣಿ ಮೇಲಿದ್ರೆ, ಕೆಳಗೆ ಬೀಗದ ಹತ್ರ ಯಾರನ್ನ ನಿಲ್ಲಿಸ್ಲಿ? ಇವಳನ್ನೋ, ಕೆಲ್ಸೊನನ್ನೋ? ನೀವೇ ಹೇಳಿ. ಬಾಯಿ ಮಾತ್ರ ಹೊಲಸು. ಅದು ನಾನು ಕಲಿಸಿದ್ದಲ್ಲ."

ಒಬ್ಬ ಗುತ್ತಿಗೆದಾರ ಕೆಮ್ಮಿದಂತೆ ಮಾಡಿ ನಕ್ಕ. ನನ್ನ ಹೆಸರು ಉಳಿಯಿತು. ಬಾಯಿಯ ತಪ್ಪಿಗೆ ಆರು ತಿಂಗಳು ಸಂಬಳ ಏರಲಿಲ್ಲ. ಚೆಟ್‌ಗೆ ಎಚ್ಚರಿಕೆ ಪತ್ರ ಸಿಕ್ಕಿತು, ಅವನ ಜನ್ಮದಲ್ಲೇ ಮೊದಲನೆಯದು.

ಗಾಡಿಯಲ್ಲಿ ನಾನು ಏನೋ ಹೇಳಲು ಬಾಯಿ ತೆರೆದೆ.

"ಸುಮ್ನಿರು," ಅಂದ. "ಬೆಳಿಗ್ಗೆ ಬೇಗ ಬಾ. ನೀನು ಬಗ್ಗಿಸಿದ ಆ ಮೂಲೆ ವೈರ್ ಪೈಪು ಒಂಟೆ ಬೆನ್ನಿನ ಥರ ಇದೆ."

ಅದನ್ನು ಮೂರು ಸಲ ಬಿಚ್ಚಿಸಿದ. ಮೂರು ಸಲವೂ ಅವನಿಗೆ ಬೈದೆ. ಅಷ್ಟು ಸುಖವಾಗಿ ಆಮೇಲೆ ಯಾರಿಗೂ ಬೈದಿಲ್ಲ.